ಆರೇಳು ಸೆಕೆಂಡುಗಳ ಆಮೆನ್

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ, ಅವರ ಮೊಬೈಲಿನ ಪರದೆಯ ಮೇಲೆ ಹದಿನಾರು ಚೌಕಗಳು ನಾಲ್ಕು ಸಾಲಾಗಿ ಮೂಡಿರುವುದನ್ನು ಎಂದಾದರೂ ಕಂಡಿರಬಹುದು. ಒಂದು ಚೌಕವನ್ನು ಒತ್ತಿ ಹಿಡಿದು ಅಡುಗೆಮನೆಯ ಕುಕ್ಕರಿನ ಕೂಗನ್ನು ಸೆರೆಹಿಡಿಯುತ್ತಾರೆ. ಇನ್ನೊಂದರಲ್ಲಿ ಮೇಜನ್ನು ಬೆರಳಿನಿಂದ ತಟ್ಟಿದ ಸದ್ದು. ಮತ್ತೊಂದರಲ್ಲಿ ದೇವಾಲಯದ ಗಂಟೆಯ ಒಂದೇ ಒಂದು ನಾದ. ಬಳಿಕ ಆ ಚೌಕಗಳನ್ನು ಲಯಬದ್ಧವಾಗಿ ಮುಟ್ಟುತ್ತಾ ಹೋದಂತೆ ಅಲ್ಲೊಂದು ಸಂಗೀತ ಹುಟ್ಟಿಕೊಳ್ಳುತ್ತದೆ. ಈ ಬಗೆಯ ಆ್ಯಪ್‌ಗೆ ಸ್ಯಾಂಪ್ಲರ್ ಎಂದು ಹೆಸರು. ಸದ್ದಿನ ಒಂದು ತುಣುಕೇ ಸ್ಯಾಂಪಲ್. ಅದನ್ನು ಹಿಡಿದು, ಕತ್ತರಿಸಿ, ಏರಿಸಿ, ಇಳಿಸಿ, ವಾದ್ಯದಂತೆ ನುಡಿಸುವ ಉಪಕರಣವೇ ಸ್ಯಾಂಪ್ಲರ್.

ಇದೊಂದು ಮಕ್ಕಳಾಟ ಎಂದು ನೀವು ತಳ್ಳಿಹಾಕಬಹುದು. ಆದರೆ ಈ ಪುಟ್ಟ ಆಟಿಕೆಯ ಹಿಂದೆ ಮುಕ್ಕಾಲು ಶತಮಾನದ ಇತಿಹಾಸವಿದೆ. ಅದರಲ್ಲಿ ಜಾಣ್ಮೆಯಿದೆ, ವ್ಯಾಪಾರವಿದೆ, ನಮ್ಮ ದೇವಾಲಯಗಳ ಆರ್ಗನ್ ಕೂಡ ಇದೆ. ಕೂಲಿ ಸಿಗದೇ ಹೋದ ಒಬ್ಬ ಕೆಲಸಗಾರನ ಕಥೆಯೂ ಇದೆ. ಆ ಕಥೆಯನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ. ಆದರೆ ಅಲ್ಲಿಗೆ ತಲುಪಲು ಸ್ವಲ್ಪ ಸುತ್ತು ಹಾದಿಯಲ್ಲಿ ನಡೆಯಬೇಕಾಗಿದೆ.

ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ರೂಪಿಸುವವರೆಗೆ, ನುಡಿದ ಸದ್ದು ಆ ಕ್ಷಣದಲ್ಲೇ ಕರಗಿಹೋಗುತ್ತಿತ್ತು. ಫೋನೋಗ್ರಾಫ್ ಸದ್ದನ್ನು ಉಳಿಸಿತು; ಆದರೆ ಉಳಿಸಿದ್ದನ್ನು ಮತ್ತೆ ಕೇಳಿಸುವುದಷ್ಟೇ ಅದರ ಕೆಲಸವಾಗಿತ್ತು. ಉಳಿಸಿದ ಸದ್ದನ್ನೇ ಕಚ್ಚಾವಸ್ತುವಾಗಿ ಬಳಸಿ ಹೊಸ ಕೃತಿಯೊಂದನ್ನು ಕಟ್ಟಬಹುದೆಂದು ತೋರಿಸಿದವರಲ್ಲಿ ಪ್ರಮುಖನಾದವನು ಫ್ರೆಂಚ್ ರೇಡಿಯೋದ ಎಂಜಿನಿಯರ್ ಪಿಯರ್ ಶೆಫರ್. ಆತ 1948ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣವೊಂದಕ್ಕೆ ಹೋಗಿ ಉಗಿಬಂಡಿಗಳ ಸದ್ದನ್ನು ಮುದ್ರಿಸಿಕೊಂಡು ಬಂದ. ಅದನ್ನು ತಟ್ಟೆಗಳ ಮೇಲೆ ಮತ್ತೆ ಮತ್ತೆ ಸುತ್ತುವಂತೆ ಮಾಡಿ, ಜೋಡಿಸಿ, ಒಂದು ಸಂಗೀತ ಕೃತಿಯೆಂದು ರೇಡಿಯೋದಲ್ಲಿ ಪ್ರಸಾರ ಮಾಡಿದ. ಕೇಳಿದವರಲ್ಲಿ ಎಷ್ಟು ಮಂದಿ ಅದನ್ನು ಸಂಗೀತವೆಂದು ಒಪ್ಪಿದರೋ, ಆ ಪ್ರಶ್ನೆ ಬೇರೆ.

ಶೆಫರನದು ಪ್ರಯೋಗಶಾಲೆಯ ಕೆಲಸ. ಅದನ್ನು ವಾದ್ಯವಾಗಿಸಿದ ಶ್ರೇಯಸ್ಸು ಅಮೆರಿಕದ ಕ್ಯಾಲಿಫೋರ್ನಿಯಾದ ಹ್ಯಾರಿ ಚೇಂಬರ್ಲಿನ್ ಎಂಬಾತನದು. ತಾನು ಆರ್ಗನ್ ನುಡಿಸುವುದನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದಾಗ ಆತನಿಗೊಂದು ಯೋಚನೆ ಹೊಳೆಯಿತಂತೆ: ನಾನು ಒಂದು ಕೀಲಿಯನ್ನು ಒತ್ತಿದಾಗ ನನ್ನದೇ ಧ್ವನಿಮುದ್ರಣ ಕೇಳಿಸುತ್ತದೆಯಾದರೆ, ಅದೇ ಕೀಲಿಗೆ ಪಿಟೀಲಿನ ಧ್ವನಿಮುದ್ರಣವನ್ನು ಏಕೆ ಜೋಡಿಸಬಾರದು? ಹೀಗೆ 1940ರ ದಶಕದ ಕೊನೆಯ ವೇಳೆಗೆ ಆತ ಕೀಲಿಮಣೆಯ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡನ್ನು ಅಳವಡಿಸಿದ ವಾದ್ಯವನ್ನು ಸಿದ್ಧಪಡಿಸಿದ. ಕೀಲಿ ಒತ್ತಿದರೆ ನಿಜವಾದ ಪಿಟೀಲು, ನಿಜವಾದ ಕೊಳಲು.

ಈ ವಾದ್ಯಗಳಲ್ಲಿ ಎರಡನ್ನು ಚೇಂಬರ್ಲಿನ್ನನ ಮಾರಾಟಗಾರನೊಬ್ಬ 1962ರಲ್ಲಿ ಇಂಗ್ಲೆಂಡಿಗೆ ಒಯ್ದ. ಬರ್ಮಿಂಗ್‌ಹ್ಯಾಮ್ ನಗರದ ಬ್ರಾಡ್ಲಿ ಸಹೋದರರು ಅದರ ಜಾಡಿನಲ್ಲೇ 1963ರಲ್ಲಿ ‘ಮೆಲೊಟ್ರಾನ್’ ಎಂಬ ವಾದ್ಯವನ್ನು ಹೊರತಂದರು. ಅದರ ಒಂದೊಂದು ಟೇಪು ಸುಮಾರು ಎಂಟು ಸೆಕೆಂಡು ಮಾತ್ರ ಓಡುತ್ತಿತ್ತು, ಆಮೇಲೆ ಬೆರಳೆತ್ತಲೇಬೇಕು. ಬೀಟಲ್ಸ್ ತಂಡ 1967ರಲ್ಲಿ ಹೊರತಂದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಆರಂಭದಲ್ಲಿ ಕೇಳಿಬರುವ ಕೊಳಲು ಈ ಮೆಲೊಟ್ರಾನಿನದೇ. ಅಂದರೆ, ಆ ಹಾಡಿನ ಧ್ವನಿಮುದ್ರಣದ ದಿನ ಅಲ್ಲಿ ಕೊಳಲು ವಾದಕನೇ ಇರಲಿಲ್ಲ. ಯಾವನೋ ಒಬ್ಬ ವಾದಕ ಎಂದೋ ಒಂದು ದಿನ ಸ್ಟುಡಿಯೋಗೆ ಬಂದು, ಒಂದೊಂದೇ ಸ್ವರವನ್ನು ಎಂಟೆಂಟು ಸೆಕೆಂಡು ಊದಿ, ಅಂದಿನ ಕೂಲಿ ಪಡೆದು ಮನೆಗೆ ಹೋಗಿದ್ದ. ಅವನ ಉಸಿರು ಮಾತ್ರ ಪೆಟ್ಟಿಗೆಯಲ್ಲಿ ಉಳಿದು ಊರೂರು ತಿರುಗುತ್ತಿತ್ತು. ಸಂಗೀತಗಾರರ ಸಂಘಗಳಿಗೆ ಈ ವಾದ್ಯಗಳ ಬಗ್ಗೆ ಆತಂಕ ಮೂಡಿದ್ದು ಸಹಜವೇ ಸರಿ.

ಹೊಸ ವಾದ್ಯದ ಬಗೆಗಿನ ಆತಂಕ ನಮಗೇನೂ ಹೊಸದಲ್ಲ. ಯೂರೋಪಿನಿಂದ ಬಂದ ಹಾರ್ಮೋನಿಯಂ ಭಾರತೀಯ ಸಂಗೀತದ ಗಮಕಗಳಿಗೆ ಒಗ್ಗುವುದಿಲ್ಲವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿ, ಮೂರು ದಶಕಗಳ ನಂತರ 1971ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿತು. ಇಂದು ನಮ್ಮ ಎಷ್ಟೋ ಗಾನವೃಂದಗಳು ಹಾರ್ಮೋನಿಯಂ ಇಲ್ಲದೆ ಬಾಯಿ ತೆರೆಯುವುದೇ ಇಲ್ಲ!

ಅದೇ 1971ರಲ್ಲಿ, ಇದು ಕಾಕತಾಳೀಯವಷ್ಟೇ, ಅಮೆರಿಕದ ಪೆನ್ಸಿಲ್ವೇನಿಯಾದ ಆ್ಯಲೆನ್ ಆರ್ಗನ್ ಕಂಪನಿ ಹೊಸದೊಂದು ಆರ್ಗನನ್ನು ಮಾರುಕಟ್ಟೆಗೆ ತಂದಿತು. ಕೊಳವೆ ಆರ್ಗನ್‌ನ ನಾದದ ಅಲೆಗಳನ್ನು ಅಂಕಿಗಳ ರೂಪದಲ್ಲಿ ಸಂಗ್ರಹಿಸಿಟ್ಟು, ಕೀಲಿ ಒತ್ತಿದಾಗ ಅದನ್ನು ಮತ್ತೆ ನಾದವಾಗಿಸುವ ವಾದ್ಯವದು. ಇದಕ್ಕೆ ಬೇಕಾದ ತಂತ್ರಜ್ಞಾನ ಬಂದದ್ದು ನಾರ್ತ್ ಅಮೆರಿಕನ್ ರಾಕ್‌ವೆಲ್ ಸಂಸ್ಥೆಯಿಂದ. ಚಂದ್ರಯಾನದ ಅಪೊಲೊ ನೌಕೆಯ ಮುಖ್ಯ ಕೋಶವನ್ನು ತಯಾರಿಸಿದ ಸಂಸ್ಥೆಯೇ ಅದು. ಡಿಜಿಟಲ್ ವಾದ್ಯವೆಂಬುದು ಮಾರಾಟಕ್ಕೆ ಬಂದದ್ದು ಮೊದಲಿಗೆ ಬಹುಮಟ್ಟಿಗೆ ದೇವಾಲಯಗಳಿಗಾಗಿ, ಯುವಜನರ ಕುಣಿತಕ್ಕಾಗಿ ಅಲ್ಲ ಎಂಬುದು ನಮ್ಮಲ್ಲಿ ಹಲವರಿಗೆ ಅಚ್ಚರಿ ತರಬಹುದು.

ಇಲ್ಲಿ ‘ಅಂಕಿಗಳ ರೂಪ’ ಎಂದರೇನು ಎಂಬುದನ್ನು ಒಂದಿಷ್ಟು ವಿವರಿಸಬೇಕು. ಸಿನಿಮಾ ನಿಮಗೆಲ್ಲ ಗೊತ್ತು. ಒಂದು ಸೆಕೆಂಡಿಗೆ 24 ಸ್ಥಿರಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿದರೆ ಕಣ್ಣಿಗೆ ಚಲನೆ ಕಾಣುತ್ತದೆ. ಸದ್ದಿನ ವಿಷಯದಲ್ಲೂ ಹೀಗೆಯೇ. ಗಾಳಿಯಲ್ಲಿ ಏಳುವ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಳತೆಗಳನ್ನು ಬರೆದಿಟ್ಟುಕೊಂಡು, ಅದೇ ಕ್ರಮದಲ್ಲಿ ಧ್ವನಿವರ್ಧಕಕ್ಕೆ ಒಪ್ಪಿಸಿದರೆ ಅದೇ ಸದ್ದು ಮರಳಿ ಹುಟ್ಟುತ್ತದೆ. ಕಿವಿಯು ಕಣ್ಣಿಗಿಂತ ಕಟ್ಟುನಿಟ್ಟಿನದು. ಅದಕ್ಕೆ 24 ಸಾಲದು. ನಾವು ಕೇಳುವ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಒಂದೊಂದು ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯ ಮೇಲೆ ಇರಿಸಲಾಗುತ್ತದೆ. ಈ ಲೆಕ್ಕದಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಮೆಗಾಬೈಟ್ ಜಾಗ ಬೇಕು. ಇಂದಿನ ಮೊಬೈಲಿಗೆ ಅದು ಲೆಕ್ಕಕ್ಕೇ ಬಾರದು. 1970ರ ದಶಕದ ಯಂತ್ರಗಳಿಗೆ ಅದು ಕೈಗೆಟುಕದ ಐಶ್ವರ್ಯವಾಗಿತ್ತು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬ ಇಬ್ಬರು ಯುವಕರು ಯಂತ್ರದಿಂದಲೇ ವಾದ್ಯಗಳ ನಾದವನ್ನು ಲೆಕ್ಕಹಾಕಿ ಹುಟ್ಟಿಸಲು ವರ್ಷಗಟ್ಟಲೆ ಹೆಣಗಿದರು. ಯಂತ್ರದ ಪಿಯಾನೋ ಪಿಯಾನೋದಂತೆ ಕೇಳಿಸಲೇ ಇಲ್ಲ. ಕೊನೆಗೆ ವೋಗೆಲ್ ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋ ವಾದನದಿಂದ ಸುಮಾರು ಒಂದು ಸೆಕೆಂಡನ್ನು ಯಂತ್ರಕ್ಕೆ ಉಣಿಸಿ, ಅದನ್ನೇ ಬೇರೆ ಬೇರೆ ಸ್ವರಗಳಲ್ಲಿ ನುಡಿಸಿ ನೋಡಿದ. ವರ್ಷಗಳ ಲೆಕ್ಕಾಚಾರಕ್ಕಿಂತ ಆ ಒಂದು ಸೆಕೆಂಡೇ ಚೆನ್ನಾಗಿತ್ತು. ಅವರಿಗೆ ಅದು ಅಡ್ಡದಾರಿಯೆಂದೇ ಅನಿಸಿತ್ತಂತೆ. ಆದರೆ 1979ರಲ್ಲಿ ಹೊರಬಂದ ಅವರ ‘ಫೇರ್‌ಲೈಟ್ ಸಿ.ಎಂ.ಐ.’ ಯಂತ್ರವನ್ನು ಜನ ಮೆಚ್ಚಿದ್ದು ಆ ಅಡ್ಡದಾರಿಗಾಗಿಯೇ. ಬ್ರಿಟನ್ನಿನಲ್ಲಿ ಅದರ ಬೆಲೆ ಸುಮಾರು 18,000 ಪೌಂಡ್. ಆ ಹಣಕ್ಕೆ ಅಂದು ಅಲ್ಲಿ ಒಂದು ಪುಟ್ಟ ಮನೆಯನ್ನೇ ಕೊಳ್ಳಬಹುದಿತ್ತು.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ರೇಮಂಡ್ ಕರ್ಜ್‌ವೀಲ್ ಎಂಬ ಅಮೆರಿಕನ್ ತಂತ್ರಜ್ಞ 1976ರಲ್ಲಿ ಅಂಧರಿಗಾಗಿ ಮುದ್ರಿತ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರವೊಂದನ್ನು ತಯಾರಿಸಿದ. ಹುಟ್ಟುಕುರುಡನಂತೆಯೇ ಬೆಳೆದ ಹೆಸರಾಂತ ಗಾಯಕ ಸ್ಟೀವಿ ವಂಡರ್ ಅದನ್ನು ಕೊಂಡುಕೊಂಡ, ಇಬ್ಬರೂ ಗೆಳೆಯರಾದರು. 1982ರಲ್ಲಿ ವಂಡರ್ ಅವನಲ್ಲಿ ಒಂದು ಕೊರಗನ್ನು ತೋಡಿಕೊಂಡ: ಹಳೆಯ ವಾದ್ಯಗಳಲ್ಲಿ ನಾದದ ಸೊಬಗಿದೆ, ಹೊಸ ಯಂತ್ರಗಳಲ್ಲಿ ಬೇಕಾದಂತೆ ಬದಲಿಸುವ ಸೌಲಭ್ಯವಿದೆ, ಎರಡೂ ಒಂದೆಡೆ ಸಿಗುವುದಿಲ್ಲವಲ್ಲ ಎಂದು. ಆ ಮಾತಿನ ಫಲವೇ 1984ರ ‘ಕರ್ಜ್‌ವೀಲ್ 250’. ಅದು ನಿಜವಾದ ಪಿಯಾನೋದ ಧ್ವನಿಯನ್ನು ಸ್ಮೃತಿಯಲ್ಲಿ ಇಟ್ಟುಕೊಂಡಿದ್ದ ವಾದ್ಯ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಬಳಕೆಯಲ್ಲಿರುವ ಎಲೆಕ್ಟ್ರಾನಿಕ್ ಕೀಬೋರ್ಡುಗಳ ಪಿಯಾನೋ, ಪಿಟೀಲು, ಗಾನವೃಂದದ ‘ಆ’ಕಾರ ಇವೆಲ್ಲ ಬಹುಪಾಲು ಇದೇ ಬಗೆಯಲ್ಲಿ ಎಲ್ಲಿಯೋ ಯಾರೋ ನುಡಿಸಿದ, ಹಾಡಿದ ತುಣುಕುಗಳೇ.

ಈಗ ಮುಖ್ಯ ಕಥೆಗೆ ಬರೋಣ. ಅದಕ್ಕಾಗಿ ಕೊಂಚ ಹಿಂದಕ್ಕೆ, 1963ಕ್ಕೆ ಹೋಗಬೇಕು.

ಆ ವರ್ಷ ‘ಲಿಲೀಸ್ ಆಫ್ ದ ಫೀಲ್ಡ್’ ಎಂಬ ಅಮೆರಿಕನ್ ಚಲನಚಿತ್ರವೊಂದು ಬಿಡುಗಡೆಯಾಯಿತು. ಅರಿಜೋನಾದ ಮರುಭೂಮಿಯಲ್ಲಿ, ಜರ್ಮನ್ ಮಾತನಾಡುವ ಬಡ ಕನ್ಯಾಸ್ತ್ರೀಯರ ಗುಂಪೊಂದು ದಾರಿಹೋಕನಾದ ಕರಿಯ ಕೆಲಸಗಾರನೊಬ್ಬನಿಂದ ಪುಟ್ಟ ಪ್ರಾರ್ಥನಾಲಯವನ್ನು ಕಟ್ಟಿಸಿಕೊಳ್ಳುವ ಕಥೆ. ಅವನು ಕೂಲಿ ಕೇಳುತ್ತಾನೆ. ಮದರ್ ಕೊಡುವುದಿಲ್ಲ. ಕೆಲಸಗಾರನು ಕೂಲಿಗೆ ಅರ್ಹನೆಂಬ ಅರ್ಥದ ವಾಕ್ಯವನ್ನು ಅವನು ಲೂಕನ ಶುಭಸಂದೇಶದಿಂದ ತೆಗೆದು ತೋರಿಸಿದರೆ, ಆಕೆ ಮತ್ತಾಯನ ಶುಭಸಂದೇಶವನ್ನು ತೆರೆದು ಹೊಲದ ಲಿಲಿ ಹೂಗಳು ದುಡಿಯುವುದಿಲ್ಲ, ನೂಲುವುದಿಲ್ಲವೆಂಬ ಭಾಗವನ್ನು ಓದಿಸುತ್ತಾಳೆ. ಚಿತ್ರದ ಹೆಸರು ಬಂದದ್ದು ಅಲ್ಲಿಂದಲೇ. ಪಾತ್ರ ವಹಿಸಿದ ಸಿಡ್ನಿ ಪಾಯ್ಟಿಯೆಗೆ ಶ್ರೇಷ್ಠ ನಟನೆಂಬ ಆಸ್ಕರ್ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಕರಿಯ ನಟ ಅವನೇ. ಚಿತ್ರದಲ್ಲಿ ಅವನು ಕನ್ಯಾಸ್ತ್ರೀಯರಿಗೆ ‘ಆಮೆನ್’ ಎಂಬ ಭಕ್ತಿಗೀತೆಯನ್ನು ಕಲಿಸುತ್ತಾನೆ. ಆ ಗೀತೆಯನ್ನು ಚಿತ್ರಕ್ಕಾಗಿ ಅಳವಡಿಸಿದವನು ಜೆಸ್ಟರ್ ಹೇರ್‌ಸ್ಟನ್. ಗುಲಾಮರ ಮೊಮ್ಮಗ, ಕರಿಯ ಜನರ ಭಕ್ತಿಗೀತೆಗಳನ್ನು ಲೋಕಕ್ಕೆಲ್ಲ ಹಂಚಿದ ಗಾನವೃಂದ ನಿರ್ದೇಶಕ. ಪರದೆಯ ಮೇಲೆ ಪಾಯ್ಟಿಯೆ ಹಾಡಿದಂತೆ ಕಂಡರೂ ಕೇಳಿಬರುವ ಕಂಠ ಹೇರ್‌ಸ್ಟನ್ನನದೇ.

ಆ ಗೀತೆ ಜನಪ್ರಿಯವಾಯಿತು. ‘ದಿ ಇಂಪ್ರೆಶನ್ಸ್’ ಎಂಬ ತಂಡ 1964ರಲ್ಲಿ ಅದನ್ನು ತಮ್ಮ ಶೈಲಿಯಲ್ಲಿ ಹಾಡಿತು. ಅದೇ ಧಾಟಿಯ ಎಳೆಯನ್ನು ಹಿಡಿದು 1969ರಲ್ಲಿ ವಾಷಿಂಗ್ಟನ್ ನಗರದ ‘ದಿ ವಿನ್‌ಸ್ಟನ್ಸ್’ ಎಂಬ ತಂಡ ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತವನ್ನು ಅಟ್ಲಾಂಟದಲ್ಲಿ ಮುದ್ರಿಸಿತು. ನಿಜಕ್ಕೂ ಅದು ಗ್ರಾಮಫೋನ್ ತಟ್ಟೆಯ ಹಿಂಬದಿಯನ್ನು ತುಂಬಲು ಮಾಡಿದ ಕೆಲಸ. ಮುಂಬದಿಯಲ್ಲಿದ್ದ ‘ಕಲರ್ ಹಿಮ್ ಫಾದರ್’ ಎಂಬ ಹಾಡು, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳನ್ನು ತನ್ನವೆಂದೇ ಸಾಕಿದ ಮಲತಂದೆಯೊಬ್ಬನ ಕುರಿತಾದದ್ದು. ಅದು ಬಹಳ ಮಾರಾಟವಾಯಿತು. ಬರೆದ ರಿಚರ್ಡ್ ಸ್ಪೆನ್ಸರ್‌ಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹಿಂಬದಿಯನ್ನು ಯಾರೂ ಹೆಚ್ಚು ಗಮನಿಸಲಿಲ್ಲ.

ಆ ಹಿಂಬದಿಯಲ್ಲಿ ಸುಮಾರು ಒಂದೂವರೆ ನಿಮಿಷ ಕಳೆದ ಮೇಲೆ ಉಳಿದೆಲ್ಲ ವಾದ್ಯಗಳು ಮೌನವಾಗುತ್ತವೆ. ಡ್ರಮ್ ಒಂದೇ ಆರೇಳು ಸೆಕೆಂಡು, ನಾಲ್ಕು ಆವರ್ತನಗಳಷ್ಟು ನುಡಿಯುತ್ತದೆ. ಮೊದಲೆರಡು ಆವರ್ತನ ನೇರ ನಡೆ. ಮೂರನೆಯದರಲ್ಲಿ ಒಂದು ಪೆಟ್ಟು ತಡವಾಗಿ ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಪೆಟ್ಟಿನ ಜಾಗ ಬರಿದಾಗಿ, ಆಮೇಲೆ ತಾಳದ ಲೋಹದ ತಟ್ಟೆ ಝಲ್ಲೆನ್ನುತ್ತದೆ. ನುಡಿಸಿದವನು ಗ್ರೆಗರಿ ಕೋಲ್‌ಮನ್. ಮರುವರ್ಷವೇ, 1970ರಲ್ಲಿ, ತಂಡ ಚದುರಿಹೋಯಿತು.

ಮುಂದೆ ನಡೆದದ್ದು ಯಾರೂ ಊಹಿಸದ ಸಂಗತಿ. ನ್ಯೂಯಾರ್ಕಿನ ಬಡ ಬಡಾವಣೆಗಳಲ್ಲಿ ಹಳೆಯ ತಟ್ಟೆಗಳ ಡ್ರಮ್ ಭಾಗವನ್ನಷ್ಟೇ ಎರಡು ಯಂತ್ರಗಳಲ್ಲಿ ಮತ್ತೆ ಮತ್ತೆ ತಿರುಗಿಸಿ ಕುಣಿಯುವ ಪದ್ಧತಿ 1970ರ ದಶಕದಲ್ಲೇ ಬೆಳೆದಿತ್ತು. ಅಂಥ ಭಾಗಗಳಿರುವ ಹಾಡುಗಳನ್ನು ಒಟ್ಟುಗೂಡಿಸಿದ ಸಂಕಲನದಲ್ಲಿ 1986ರಲ್ಲಿ ‘ಆಮೆನ್, ಬ್ರದರ್’ ಸೇರಿತು. ಅದೇ ಹೊತ್ತಿಗೆ ಸ್ಯಾಂಪ್ಲರ್‌ಗಳ ಬೆಲೆಯೂ ಇಳಿಯತೊಡಗಿತ್ತು. ಆಕೈ ಕಂಪನಿಯ ಎಸ್900 ಯಂತ್ರ 1986ರಲ್ಲೂ ಇ-ಮ್ಯು ಕಂಪನಿಯ ಎಸ್‌ಪಿ-1200 ಯಂತ್ರ 1987ರಲ್ಲೂ ಬಂದವು. ಮಕ್ಕಳಿಗಾಗಿ ಕ್ಯಾಸಿಯೋ ಕಂಪನಿಯೇ 1986ರಲ್ಲಿ ಎಸ್‌ಕೆ-1 ಎಂಬ ಪುಟ್ಟ ಕೀಬೋರ್ಡನ್ನು ನೂರು ಡಾಲರಿನ ಆಸುಪಾಸಿಗೆ ಮಾರಿತು.

ಎಸ್‌ಪಿ-1200ರ ಒಟ್ಟು ಸ್ಮೃತಿ ಸುಮಾರು ಹತ್ತು ಸೆಕೆಂಡು. ಒಂದು ತುಣುಕಿಗೆ ಎರಡೂವರೆ ಸೆಕೆಂಡು ಮೀರುವಂತಿರಲಿಲ್ಲ. ಬಡವನ ಬುದ್ಧಿ ಇಂಥಲ್ಲಿ ಚುರುಕಾಗುತ್ತದೆ. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನು 45 ಸುತ್ತಿಗೆ ಓಡಿಸಿ, ಬೇಗ ಬೇಗ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ನಿಧಾನಗೊಳಿಸುತ್ತಿದ್ದರು. ಕೂಡಿಡಲು ಜಾಗ ಉಳಿಯುತ್ತಿತ್ತು. ಜೊತೆಗೆ ಸದ್ದಿಗೆ ಒಂದು ಬಗೆಯ ಒರಟುತನವೂ ಬರುತ್ತಿತ್ತು. ಆ ಒರಟುತನವೇ ಆ ಕಾಲದ ಸಂಗೀತದ ಗುರುತಾಯಿತು. ತುಣುಕು ಮಾಡಲೇಬೇಕಾದ ಇಕ್ಕಟ್ಟಿನಿಂದ, ಕೋಲ್‌ಮನ್ನನ ಪೆಟ್ಟುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಹೊಸ ಕ್ರಮದಲ್ಲಿ ಜೋಡಿಸುವ ಕಲೆ ಬೆಳೆಯಿತು. ಬ್ರಿಟನ್ನಿನ ಯುವಕರು 1990ರ ದಶಕದ ಆರಂಭದಲ್ಲಿ ಅದನ್ನು ಇನ್ನೂ ವೇಗಗೊಳಿಸಿ ‘ಜಂಗಲ್’ ಎಂಬ ಸಂಗೀತಪ್ರಕಾರವನ್ನೇ ಕಟ್ಟಿದರು. ಇಂದು ಆ ಆರೇಳು ಸೆಕೆಂಡುಗಳನ್ನು ಬಳಸಿರುವುದಾಗಿ ಪಟ್ಟಿಯಾಗಿರುವ ಧ್ವನಿಮುದ್ರಣಗಳ ಸಂಖ್ಯೆ ಆರು ಸಾವಿರವನ್ನೂ ಮೀರಿದೆ. ಜಾಹೀರಾತುಗಳಲ್ಲೂ ದೂರದರ್ಶನದ ಶೀರ್ಷಿಕೆ ಸಂಗೀತಗಳಲ್ಲೂ ಅದು ಸೇರಿಕೊಂಡಿದೆ. ನೀವು ಕೇಳಿಯೇ ಇರುತ್ತೀರಿ, ಗುರುತು ಹಿಡಿದಿಲ್ಲವಷ್ಟೇ.

ಗ್ರೆಗರಿ ಕೋಲ್‌ಮನ್‌ಗೆ ಇದರಿಂದ ಬಂದದ್ದೇನು? ಒಂದು ಸೆಂಟೂ ಇಲ್ಲ. ಅವನು 2006ರಲ್ಲಿ ಅಟ್ಲಾಂಟದಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಅವನಿಗೆ ಮನೆಯೂ ಇರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲವೆಂದು ಅವನ ಹಳೆಯ ಸಂಗಡಿಗ ಸ್ಪೆನ್ಸರ್ ಹೇಳಿದ್ದಾನೆ. ತನ್ನ ಕೈಗಳು ಲೋಕದ ಸಂಗೀತಕ್ಕೆ ಏನು ಮಾಡಿದವೆಂಬುದು ಕೋಲ್‌ಮನ್‌ಗೆ ತಿಳಿದಿರಲಾರದೆಂಬುದೂ ಅವನದೇ ಅಭಿಪ್ರಾಯ. ಹಕ್ಕುದಾರನಾಗಿದ್ದ ಸ್ಪೆನ್ಸರ್‌ಗೂ ವಿಷಯ ಗೊತ್ತಾದದ್ದು 1996ರಲ್ಲಿ, ಯಾರೋ ಮೂಲ ಟೇಪನ್ನು ಕೇಳಿಕೊಂಡು ಸಂಪರ್ಕಿಸಿದಾಗ. ಅಷ್ಟರಲ್ಲಿ ದಾವೆ ಹೂಡುವ ಕಾಲಮಿತಿ ಮುಗಿದುಹೋಗಿತ್ತು.

ಈ ಅನ್ಯಾಯಕ್ಕೆ ಒಬ್ಬನೇ ಖಳನಾಯಕನನ್ನು ಹುಡುಕುವುದು ಕಷ್ಟ, ಓದುಗರೇ. ಮೊದಮೊದಲು ಬಳಸಿದವರು ತಾವೇ ಬಡವರು. ಹಳೆಯ ತಟ್ಟೆಗಳ ರಾಶಿಯಲ್ಲಿ ಸಿಕ್ಕ ರತ್ನವನ್ನು ಪ್ರೀತಿಯಿಂದಲೇ ಎತ್ತಿಕೊಂಡವರು. ಅವರಿಲ್ಲದಿದ್ದರೆ ಕೋಲ್‌ಮನ್ನನ ನುಡಿಸಾಣಿಕೆ ಧೂಳು ತಿನ್ನುತ್ತಿತ್ತು ಎಂಬ ವಾದದಲ್ಲೂ ಸತ್ಯಾಂಶವಿದೆ. ಕಾನೂನೂ ಹಾಗೆಯೇ ಇತ್ತು. ಅಮೆರಿಕದಲ್ಲಿ ಧ್ವನಿಮುದ್ರಣಗಳಿಗೆ ಒಕ್ಕೂಟದ ಕೃತಿಸ್ವಾಮ್ಯ ರಕ್ಷಣೆ ದೊರೆತದ್ದು 1972ರ ಫೆಬ್ರವರಿ 15ರಿಂದ ಮುಂದಕ್ಕೆ ಮುದ್ರಿತವಾದವುಗಳಿಗೆ ಮಾತ್ರ. ಜೊತೆಗೆ, ಹಾಡಿನ ಸಾಹಿತ್ಯ ಬರೆದವನಿಗೂ ಧಾಟಿ ಕಟ್ಟಿದವನಿಗೂ ಇದ್ದ ಸ್ಥಾನ ಡ್ರಮ್ ನುಡಿಸಿದವನಿಗೆ ಇರಲಿಲ್ಲ. ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್‌ನ ಕಥೆಯೂ ಇದೇ. ಸಾವಿರಕ್ಕೂ ಹೆಚ್ಚು ಹಾಡುಗಳು ಅವನ ಲಯವನ್ನು ಎತ್ತಿಕೊಂಡವು. ಅವನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅಂದಿನ ದಿನಗೂಲಿಯಷ್ಟೇ. ಅವನು 2017ರಲ್ಲಿ ಕಣ್ಮುಚ್ಚಿದ.

ನ್ಯಾಯಾಲಯಗಳು ಎಚ್ಚೆತ್ತದ್ದು ತಡವಾಗಿ, ಎಚ್ಚೆತ್ತಾಗ ಗುಡುಗಿದವು. ಗಿಲ್ಬರ್ಟ್ ಓಸಲಿವನ್ ಎಂಬ ಗಾಯಕನ 1972ರ ಹಾಡೊಂದರ ತುಣುಕನ್ನು ಬಿಜ್ ಮಾರ್ಕಿ ಎಂಬಾತ ಅನುಮತಿಯಿಲ್ಲದೆ ಬಳಸಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೆವಿನ್ ಡಫಿ 1991ರ ಡಿಸೆಂಬರಿನಲ್ಲಿ ತೀರ್ಪಿತ್ತರು. ತೀರ್ಪಿನ ಮೊದಲ ಸಾಲೇ ವಿಮೋಚನಾಕಾಂಡದಿಂದ ಎತ್ತಿದ್ದು: ಕಳವನ್ನು ನಿಷೇಧಿಸುವ ದೇವರ ಆಜ್ಞೆ. ಕಥೋಲಿಕರು ಏಳನೆಯದೆಂದೂ ಅನೇಕ ಪ್ರೊಟೆಸ್ಟಂಟರು ಎಂಟನೆಯದೆಂದೂ ಎಣಿಸುವ ಆ ಆಜ್ಞೆ ಸ್ಯಾಂಪ್ಲರ್ ಯಂತ್ರದ ಕುರಿತಾದ ತೀರ್ಪಿನ ಮೊದಲ ಸಾಲಾದೀತೆಂದು ಯಾರು ತಾನೇ ಎಣಿಸಿದ್ದರು! ಅಂದಿನಿಂದ ದೊಡ್ಡ ಕಂಪನಿಗಳು ಪ್ರತಿ ತುಣುಕಿಗೂ ಅನುಮತಿ ಪಡೆಯತೊಡಗಿದವು. ಆದರೆ ಅನುಮತಿಯ ಹಣ ಹೋದದ್ದು ಬಹುತೇಕ ಹಕ್ಕುಗಳನ್ನು ಕೊಂಡಿಟ್ಟುಕೊಂಡ ಕಂಪನಿಗಳಿಗೆ. ಡ್ರಮ್ ನುಡಿಸಿದವನ ಬಾಗಿಲನ್ನು ಅದು ತಟ್ಟಲಿಲ್ಲ. ಜರ್ಮನಿಯಲ್ಲಂತೂ ಕ್ರಾಫ್ಟ್‌ವರ್ಕ್ ತಂಡದ 1977ರ ಧ್ವನಿಮುದ್ರಣದಿಂದ 1997ರಲ್ಲಿ ಎತ್ತಿಕೊಂಡ ಎರಡೇ ಸೆಕೆಂಡಿನ ತುಣುಕಿಗಾಗಿ ಎರಡು ದಶಕ ಮೀರಿ ವ್ಯಾಜ್ಯ ನಡೆಯಿತು. 2019ರಲ್ಲಿ ಅದು ಯೂರೋಪಿನ ಉನ್ನತ ನ್ಯಾಯಾಲಯದವರೆಗೂ ಹೋಯಿತು.

ನಮ್ಮ ದೇಶದಲ್ಲಿ ಕಲಾವಿದರ ಪ್ರದರ್ಶನಕ್ಕೆ ಹಕ್ಕೆಂಬುದು ಕೃತಿಸ್ವಾಮ್ಯ ಕಾಯಿದೆಗೆ ಸೇರಿದ್ದು 1994ರ ತಿದ್ದುಪಡಿಯಿಂದ. 2012ರ ತಿದ್ದುಪಡಿಯು ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದಾಗ ಕಲಾವಿದನಿಗೆ ಗೌರವಧನದ ಪಾಲು ಸಲ್ಲಬೇಕೆಂದು ವಿಧಿಸಿತು. ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಚಿತ್ರಸಂಗೀತದ ಧ್ವನಿಮುದ್ರಣಕ್ಕೆ ಒಂದು ಕಾಲದಲ್ಲಿ ಹತ್ತಾರು ಪಿಟೀಲು ವಾದಕರು ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಕೀಬೋರ್ಡುಗಳೂ ಕಂಪ್ಯೂಟರುಗಳೂ ಬಂದ ಮೇಲೆ ಆ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಆ ವಾದಕರಿಗೆ ಈ ಕಾನೂನು ಎಷ್ಟು ಆಸರೆಯಾಯಿತೆಂಬುದನ್ನು ಅವರನ್ನೇ ಕೇಳಬೇಕು.

ಇನ್ನು ನಾವು ಹೊರಟ ಮೊಬೈಲಿಗೆ ಮರಳೋಣ. ಆ ಹದಿನಾರು ಚೌಕಗಳು ರೋಜರ್ ಲಿನ್ ಎಂಬ ವಿನ್ಯಾಸಕಾರ ಆಕೈ ಕಂಪನಿಗಾಗಿ ರೂಪಿಸಿದ 1988ರ ಎಂಪಿಸಿ60 ಯಂತ್ರದ ರಬ್ಬರ್ ಗುಂಡಿಗಳ ವಂಶದವು. ಆ್ಯಪಲ್ ಕಂಪನಿಯ ಐಪ್ಯಾಡ್ ಬಂದದ್ದು 2010ರಲ್ಲಿ. ಮರುವರ್ಷವೇ ಅದರ ‘ಗ್ಯಾರೇಜ್‌ಬ್ಯಾಂಡ್’ ಆ್ಯಪ್‌ನಲ್ಲಿ ಸ್ಯಾಂಪ್ಲರ್ ಸೇರಿತು. 2019ರಲ್ಲಿ ಬಂದ ‘ಕೋಆಲಾ’ ಎಂಬ ಆ್ಯಪ್ ಸಾಧಾರಣ ಆಂಡ್ರಾಯ್ಡ್ ಮೊಬೈಲಿನಲ್ಲೂ ನಡೆಯುತ್ತದೆ. ಫೇರ್‌ಲೈಟಿಗೆ ಮನೆಯ ಬೆಲೆ ಕೊಡಬೇಕಾಗಿತ್ತು; ಇವುಗಳಲ್ಲಿ ಕೆಲವು ಉಚಿತ, ಕೆಲವಕ್ಕೆ ಒಂದು ಹೊತ್ತಿನ ಊಟದ ಬೆಲೆ. ಎಸ್‌ಪಿ-1200 ಹತ್ತು ಸೆಕೆಂಡಿಗೆ ಏದುಸಿರು ಬಿಡುತ್ತಿತ್ತು. 64 ಗಿಗಾಬೈಟ್‌ನಷ್ಟು ಖಾಲಿ ಜಾಗವಿರುವ ಮೊಬೈಲು ಸಿ.ಡಿ. ಗುಣಮಟ್ಟದ ಸದ್ದನ್ನು ನೂರು ತಾಸಿಗೂ ಹೆಚ್ಚು ತುಂಬಿಕೊಳ್ಳಬಲ್ಲದು. ಆರ್ಗನ್ ಪ್ರಿಯರಿಗಾಗಿ, ಯೂರೋಪಿನ ಪುರಾತನ ದೇವಾಲಯಗಳ ಆರ್ಗನ್‌ಗಳ ಒಂದೊಂದು ಕೊಳವೆಯನ್ನೂ ಪ್ರತ್ಯೇಕವಾಗಿ ಮುದ್ರಿಸಿಕೊಂಡು ಕಂಪ್ಯೂಟರಿನಲ್ಲಿ ನುಡಿಸುವ ತಂತ್ರಾಂಶಗಳೂ ಇವೆ. ಕೊಳವೆ ಆರ್ಗನ್ ಕೊಳ್ಳಲಾಗದ ಧರ್ಮಕೇಂದ್ರಕ್ಕೆ ಇದೊಂದು ವರವೇ. ಶ್ರುತಿಗೆ ತಂಬೂರಿ ಮೀಟುವವರಿಲ್ಲದ ಮನೆಗಳಲ್ಲಿ ಮೊಬೈಲಿನ ತಂಬೂರಿಯೇ ಮಕ್ಕಳ ಸಂಗೀತಾಭ್ಯಾಸಕ್ಕೆ ಜೊತೆಯಾಗಿದೆ. ಇವನ್ನೆಲ್ಲ ಕೂಡದೆನ್ನುವ ಹಟ ನನಗಿಲ್ಲ.

ನಿಮ್ಮ ಮಗ ಅಡುಗೆಮನೆಯ ಕುಕ್ಕರನ್ನು ಮುದ್ರಿಸಿಕೊಂಡರೆ ಯಾರಿಗೂ ಏನೂ ಸಲ್ಲಬೇಕಾಗಿಲ್ಲ. ಆದರೆ ಭಾನುವಾರದ ಬಲಿಪೂಜೆಯಲ್ಲಿ ತಬಲ ನುಡಿಸುವ ನೆರೆಮನೆಯ ಅಣ್ಣನ ನಾಲ್ಕು ಆವರ್ತನಗಳನ್ನು ಮುದ್ರಿಸಿಕೊಂಡು, ಮುಂದಿನ ಭಾನುವಾರದಿಂದ ಅವನ ಬದಲು ಮೊಬೈಲನ್ನೇ ಧ್ವನಿವರ್ಧಕಕ್ಕೆ ಜೋಡಿಸಿದರೆ? ಗಾನವೃಂದದ ಹಿರಿಯ ಗಾಯಕಿಯ ಆಲಾಪವನ್ನು ಕತ್ತರಿಸಿ ಭಕ್ತಿಗೀತೆಗಳ ಸಿ.ಡಿ.ಗೆ ಸೇರಿಸಿ, ಹೊದಿಕೆಯ ಮೇಲೆ ಆಕೆಯ ಹೆಸರು ಹಾಕದೆ ಮಾರಿದರೆ? ಇವು ದೂರದ ಅಟ್ಲಾಂಟದ ಪ್ರಶ್ನೆಗಳಾಗಿ ಉಳಿಯುವುದಿಲ್ಲ. ನಮ್ಮ ಮಕ್ಕಳ ಕೈಯಲ್ಲಿ ಆ ಯಂತ್ರ ಈಗಾಗಲೇ ಇದೆ. ಕೇಳಿ ಪಡೆಯುವುದನ್ನೂ ಹೆಸರು ಹೇಳುವುದನ್ನೂ ಯಂತ್ರ ಕಲಿಸುವುದಿಲ್ಲ, ಮನೆಯಲ್ಲಿ ನಾವೇ ಕಲಿಸಬೇಕಾಗುತ್ತದೆ.

ಕಥೆಯ ಒಂದು ತುದಿ ಇನ್ನೂ ಬಾಕಿಯಿದೆ. ಬ್ರಿಟನ್ನಿನಲ್ಲಿ ಆ ಆರೇಳು ಸೆಕೆಂಡುಗಳನ್ನೇ ನುಡಿಸಿ ಬದುಕು ಕಟ್ಟಿಕೊಂಡಿದ್ದ ಕೆಲವರಿಗೆ ತಮ್ಮ ಸಾಲದ ನೆನಪಾಯಿತು. ಅವರು 2015ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿದರು. ಕೊಟ್ಟವರಲ್ಲಿ ಬಹುಮಂದಿ ಆ ಲಯಕ್ಕೆ ಕುಣಿದವರು, ಆ ಲಯದಿಂದ ಸಂಗೀತ ಕಲಿತವರು. ಕೂಡಿದ್ದು ಸುಮಾರು 24,000 ಪೌಂಡ್. ಅದನ್ನು ರಿಚರ್ಡ್ ಸ್ಪೆನ್ಸರ್‌ಗೆ ತಲುಪಿಸಲಾಯಿತು. ಯಾವ ನ್ಯಾಯಾಲಯವೂ ಹಾಗೆ ಆದೇಶಿಸಿರಲಿಲ್ಲ. ಸ್ಪೆನ್ಸರ್ 2020ರಲ್ಲಿ ನಿಧನನಾದ. ಕೋಲ್‌ಮನ್ ಅದಾಗಲೇ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಸ್ಯಾಂಪ್ಲರ್‌ಗಳಿಗಾಗಿ ಸಿದ್ಧಪಡಿಸಿ ಹಂಚುವ ಡ್ರಮ್ ತುಣುಕುಗಳ ಕಟ್ಟುಗಳಲ್ಲಿ ಅವನ ಪೆಟ್ಟುಗಳು ಇಂದಿಗೂ ಸಿಗುತ್ತವೆ. ಅವುಗಳ ಮೇಲೆ ಸಾಮಾನ್ಯವಾಗಿ ಬರೆದಿರುವುದು ಒಂದೇ ಪದ: ಆಮೆನ್.